ಶರ್ಶೆನ್‌ನ ಕೊನೆಯ ಮಾತು

ಶರ್ಶೆನ್ ತೀರಿಕೊಂಡದ್ದು ಬೆಳಕು ಹರಿಯುವ ಹೊತ್ತಿಗೆ. ಮಧ್ಯಾಹ್ನವಾದರೂ ಆ ಮನೆಯ ಅಂಗಳಕ್ಕೆ ಒಂದು ನರಪಿಳ್ಳೆ ಕಾಲಿಟ್ಟಿರಲಿಲ್ಲ.

ಆ ಕಣಿವೆಯಲ್ಲಿ ಸಾವೆಂದರೆ ಹೀಗಲ್ಲ. ಸುದ್ದಿ ಮುಟ್ಟಿದ್ದೇ ತಡ, ಅಂಗಳದಲ್ಲಿ ಯುರ್ತ, ಅಂದರೆ ಕಂಬಳಿಯ ಗುಡಾರ, ಎದ್ದು ನಿಲ್ಲಬೇಕು. ಹೆಣವನ್ನು ಅದರೊಳಗೆ ಮಲಗಿಸಿ, ಹೆಂಗಸರು ಗೋಡೆಗೆ ಮುಖಮಾಡಿ ಕೂತು ಹಾಡಿ ಹಾಡಿ ಅಳಬೇಕು. ಗಂಡಸರು ಹೊರಗೆ ಕೋಲೂರಿ ಬಗ್ಗಿ ನಿಂತು, ಬಂದವರನ್ನು ಕಂಡಾಗಲೆಲ್ಲ ಬಾಯಿಬಿಟ್ಟು ಗೋಳಿಡಬೇಕು. ಸತ್ತವನು ಕುಡುಕನಾಗಿರಲಿ, ಕುದುರೆಗಳ್ಳನಾಗಿರಲಿ, ಇಷ್ಟು ಆಗಿಯೇ ಆಗುತ್ತದೆ. ಹಿಂದಿನ ಚಳಿಗಾಲ ಹೆಂಡತಿಯ ಹಲ್ಲು ಮುರಿದು ಜೈಲಿಗೆ ಹೋಗಿಬಂದವನೊಬ್ಬ ಸತ್ತಾಗ ಊರಿಗೂರೇ ಸೇರಿ ಎದೆ ಬಡಿದುಕೊಂಡಿತ್ತು. ಶರ್ಶೆನ್ ಯಾರ ಹಲ್ಲನ್ನೂ ಮುರಿದವನಲ್ಲ. ಈಸಾನನ್ನು, ಅಂದರೆ ಯೇಸುವನ್ನು ನಂಬಿದ, ಅಷ್ಟೇ ಅವನು ಮಾಡಿದ ತಪ್ಪು.

ಹೆಣದ ಒಂದು ಪಕ್ಕ ಹೆಂಡತಿ ಜಿಪಾರ್ ಕೂತಿದ್ದಳು, ಇನ್ನೊಂದು ಪಕ್ಕ ಅವನ ತಾಯಿ. ಮುದುಕಿಗೆ ಕಾಲಿಪಾ ಅಂತ ಹೆಸರಿದ್ದರೂ ಸೊಸೆಯಾದವಳು ಅದನ್ನು ಬಾಯಲ್ಲಿ ಹೇಳುವಂತಿಲ್ಲ. ಜಿಪಾರಳಿಗೆ ಮದುವೆಯಾದಂದಿನಿಂದ ಆಕೆ ಬರೀ ಎನೆ, ಅಂದರೆ ಅತ್ತೆ. ಕಿರಿಯ ಮಗನ ಮನೆಯೇ ತಾಯಿಯ ಮನೆ ಅನ್ನುವುದು ಅಲ್ಲಿಯ ರೂಢಿಯಾದ್ದರಿಂದ ಎನೆ ಇಲ್ಲೇ ಇದ್ದಳು. ಮಗ ಸೊಸೆ ಇಬ್ಬರೂ ಈಸಾನ ದಾರಿ ಹಿಡಿದಾಗ ಸ್ವಲ್ಪ ದಿನ ಮಾತು ಬಿಟ್ಟಿದ್ದಳು. ಆಮೇಲೆ, "ಮಾತು ಬಿಟ್ರೆ ನಂಗೆ ಚಹಾ ಯಾರು ಕೊಡ್ತಾರೆ" ಅಂತ ತಾನೇ ನಕ್ಕು ಸುಮ್ಮನಾದಳು. ಅವರಿಬ್ಬರೂ ಊಟಕ್ಕೆ ಮುಂಚೆ ಕಣ್ಣು ಮುಚ್ಚಿದರೆ, "ಬೇಗ ಮುಗಿಸ್ರೋ, ಸಾರು ಆರೋಗ್ತದೆ" ಅನ್ನುವಳು. ಅವಳು ನಮಾಜಿಗೆ ಕೂತರೆ ಜಿಪಾರ್ ರೇಡಿಯೋ ಆರಿಸುವಳು. ಹೀಗೇ ನಡೆದುಕೊಂಡು ಬಂದಿತ್ತು ಸಂಸಾರ, ಶರ್ಶೆನ್‌ನ ಮೂತ್ರಪಿಂಡ ಕೈಕೊಡುವವರೆಗೆ.

ಅವನ ಪ್ರಾಣ ಹೋಗುವಾಗ ಎನೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಜಿಪಾರ್ ಒಬ್ಬಳೇ ಹತ್ತಿರ ಇದ್ದದ್ದು. ಅವನ ತುಟಿ ಆಡಿದ್ದು ಕಂಡು ಕಿವಿ ಹತ್ತಿರ ತಂದಳು. "ಜಿಪಾರ್, ನಂಗೆ ಭಯ ಇಲ್ಲ ಕಣೆ. ಈಸಾ ಬಂದಿದಾನೆ" ಅಂದ. ಅವಳ ಬೆರಳು ಹಿಡಿದಿದ್ದ ಕೈ ಸಡಿಲವಾಯಿತು. ಎನೆ ಹಾಲಿನ ಬಕೆಟ್ಟು ಹಿಡಿದು ಒಳಗೆ ಬರುವಾಗ ಎಲ್ಲ ಮುಗಿದಿತ್ತು.

ಮಲಗಿದಲ್ಲೇ ಇದ್ದ ಆ ಚಳಿಗಾಲದಲ್ಲಿ ಅವನು ಹೆಂಡತಿಯಿಂದ ಒಂದು ಮಾತು ತೆಗೆದುಕೊಂಡಿದ್ದ. "ನಾನು ಸತ್ತ ಮೇಲೆ ಇವ್ರು ನನ್ನ ಬಗ್ಗೆ ಏನೇನೋ ಕಟ್ತಾರೆ. ಕೊನೆಗೆ ಬುದ್ಧಿ ಬಂತು, ವಾಪಸ್ ಬಂದ ಅಂತಾರೆ. ನೀನು ಬಿಡಬೇಡ. ಈಸಾನ ಹೆಸರಿಗೋಸ್ಕರ ಒದೆ ತಿಂದಿದೀನಿ, ಮಾನ ಕಳೆಯೋಕೆ ಅಂತ ನನ್ನ ಕುದುರೆ ಬಾಲ ಕತ್ತರಿಸಿದ್ರು, ಸುಮ್ನಿದ್ದೆ. ನನ್ನ ಹತ್ರ ಬೇರೆ ಏನೂ ಇಲ್ಲ ಜಿಪಾರ್. ಅದೊಂದನ್ನ ಮಾತ್ರ ಯಾರ್ಗೂ ಬಿಟ್ಕೊಡಬೇಡ." ಅವಳು ಆಗಲಿ ಅಂದಿದ್ದಳು. ಕೈಮೇಲೆ ಕೈಯಿಟ್ಟು ಆಗಲಿ ಅಂದಿದ್ದಳು.

ಅವನನ್ನು ಮಣ್ಣು ಮಾಡುವುದಕ್ಕೆ ವ್ಯವಸ್ಥೆಯೂ ಆಗಿತ್ತು. ಪೇಟೆಯಲ್ಲಿರುವ ಬಕ್ತಿಗುಲ್ ಎಜೆಯ ಮನೆಯಲ್ಲಿ ಭಾನುವಾರ ಸೇರುವ ಬೆರಳೆಣಿಕೆಯ ಜನರೇ ಅವರ ಸಭೆ. ಎಜೆ ಅಂದರೆ ಅಕ್ಕ. ಆಕೆ ಎಲ್ಲರಿಗೂ ಅಕ್ಕನೇ. ಬೆಳಿಗ್ಗೆ ಫೋನು ಮಾಡಿದ ಕೂಡಲೇ ಅಳುತ್ತಲೇ ಹೇಳಿದ್ದಳು: "ಇಲ್ಲಿ ಹಳೇ ರಷ್ಯನ್ ಗೋರಿಗಳ ಮೂಲೇಲಿ ಜಾಗ ಕೊಡ್ತಾರೆ. ಸಂಜೆ ಹೊತ್ತಿಗೆ ವ್ಯಾನು ತರ್ತೀವಿ. ಅವನು ಆಸೆಪಟ್ಟ ಹಾಗೇ ಹಾಡಿ ಕಳಿಸ್ಕೊಡೋಣ. ನೀನು ಗಟ್ಟಿಯಾಗಿರು."

ಜಿಪಾರ್ ಗಟ್ಟಿಯಾಗಿಯೇ ಇದ್ದಳು, ಶರ್ಶೆನ್‌ನ ಅಣ್ಣ ತುರ್ದಾಕುನ್ ಬರುವವರೆಗೆ. ಎದುರು ಬೀದಿಯವನು, ಬೆಳಿಗ್ಗೆಯಿಂದ ಮುಲ್ಲಾನ ಮನೆಗೂ ಗೋರಿಬಯಲಿಗೂ ಅಲೆದಲೆದು ಬಂದಿದ್ದ. ಹೊಸಿಲ ಮೇಲೇ ನಿಂತು ಟೋಪಿ ಹಿಂಡುತ್ತ ತಾಯಿಗೆ ಹೇಳಿದ: "ಆಗಲ್ಲ ಅಪಾ. ಹುಡುಗ್ರು ಗೋರಿಬಯಲಿನ ಬಾಗ್ಲಿಗೆ ಟ್ರ್ಯಾಕ್ಟರ್ ಅಡ್ಡ ನಿಲ್ಸಿದಾರೆ. ನಂಬಿಕೆ ಮಾರ್ಕೊಂಡವನಿಗೆ ಇಲ್ಲಿ ಮಣ್ಣಿಲ್ಲ ಅಂತಾರೆ. ಹಳೇ ಇಟ್ಟಿಗೆ ಗೂಡಿನ ಹಿಂದೆ ಹಾಕ್ಕೊಳ್ಳಿ ಅಂದ್ರು."

"ಸತ್ತ ದನ ಎಸೀತಾರಲ್ಲ, ಅಲ್ಲೇನಾ?" ಎನೆ ಕೇಳಿದಳು.

ತುರ್ದಾಕುನ್ ಹಿಂಡಿದ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. ಅವನಿಗೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು, ಊರನ್ನು ಎದುರು ಹಾಕಿಕೊಳ್ಳುವ ಎದೆಗಾರಿಕೆ ಇರಲಿಲ್ಲ.

"ಬೈಕೆ, ಪೇಟೆಯಿಂದ ವ್ಯಾನು ಬರ್ತಾ ಇದೆ," ಜಿಪಾರ್ ಭಾವನಿಗೆ ಮೆಲ್ಲಗೆ ಹೇಳಿದಳು. "ಅಲ್ಲಿ ಜಾಗ ಸಿಕ್ಕಿದೆ. ಅವರಿಗೂ ಅದೇ ಇಷ್ಟ ಇತ್ತು. ಊರಿಗೆ ತೊಂದ್ರೆ ಬೇಡ."

ಎನೆ ತಲೆಯೆತ್ತಿ ಸೊಸೆಯನ್ನು ನೋಡಿದಳು. ಬೈಯಲಿಲ್ಲ, ಬೇಡ ಅನ್ನಲಿಲ್ಲ. "ರಷ್ಯನ್ನರ ಮಧ್ಯ," ಅಂದಳು. "ಅಲ್ಲಿ ಯಾರ ಗುರ್ತು ಇದೆ ಅವನಿಗೆ? ನನ್ನ ಈ ಕಾಲಲ್ಲಿ ನಾನು ಅಲ್ಲಿಗೆ ಹೋಗೋದು ಹೇಗೆ?" ಇಷ್ಟೇ ಅಂದು ಎದ್ದು ಹೊರಗೆ ಹೋದಳು. ಕೊಟ್ಟಿಗೆಗೆ ಹೋಗಿರಬೇಕು ಅಂದುಕೊಂಡರು. ಬಹಳ ಹೊತ್ತಾದರೂ ಬಾರದಿದ್ದಾಗ ಜಿಪಾರ್ ಹೋಗಿ ನೋಡಿದರೆ ಗೋಡೆಗೊರಗಿಸಿಟ್ಟಿದ್ದ ಹಾರೆಯಿಲ್ಲ, ಬೆರಣಿ ತುಂಬಿಟ್ಟಿದ್ದ ಚೀಲವೂ ಇಲ್ಲ.

ಅದು ಮಾರ್ಚ್ ತಿಂಗಳು. ಅಲ್ಲಿ ಮಾರ್ಚ್‌ನಲ್ಲೂ ನೆಲ ಕಲ್ಲಾಗಿರುತ್ತದೆ. ಗೋರಿ ತೋಡಬೇಕಾದರೆ ಮೊದಲು ಅಷ್ಟಗಲ ಬೆರಣಿ ಹರವಿ ಬೆಂಕಿ ಹಾಕಿ, ಮಣ್ಣು ಕರಗಿದ ಮೇಲೆ ಅಗೆಯುತ್ತಾರೆ. ಗಟ್ಟಿಮುಟ್ಟಾದ ಗಂಡಸರು ಸರದಿಯ ಮೇಲೆ ಮಾಡುವ ಕೆಲಸ ಅದು. ಜಿಪಾರ್ ಓಡೋಡಿ ಗೋರಿಬಯಲು ಮುಟ್ಟಿದಾಗ ಎನೆ ಗಂಡನ ಗೋರಿಯ ಮಗ್ಗುಲಲ್ಲಿ ಮೊಣಕಾಲೂರಿ ಕೂತಿದ್ದಳು. ಬೆರಣಿಗೆ ಬೆಂಕಿ ಹತ್ತಿ ಹೊಗೆ ಏಳುತ್ತಿತ್ತು. ಎಂಬತ್ತರ ಮುದುಕಿ, ಒದ್ದೆ ಬೆರಣಿಯನ್ನು ಬಾಯಲ್ಲಿ ಊದಿ ಊದಿ ಮುಖವೆಲ್ಲ ಮಸಿ ಮಾಡಿಕೊಂಡಿದ್ದಳು. ಟ್ರ್ಯಾಕ್ಟರಿನ ಹತ್ತಿರ ನಿಂತ ಹುಡುಗರು ಏನು ಮಾಡಬೇಕೋ ತೋಚದೆ ಸಿಗರೇಟು ಸೇದುತ್ತಿದ್ದರು. ಅವರಲ್ಲಿ ಅರ್ಧ ಜನ ಹುಟ್ಟುವಾಗ ಸೂಲಗಿತ್ತಿಯಾಗಿ ಕೂತವಳು ಇದೇ ಕಾಲಿಪಾ. ಅವಳ ಮೈಮೇಲೆ ಕೈಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಸಹಾಯ ಮಾಡುವ ಧೈರ್ಯವಂತೂ ಮೊದಲೇ ಇರಲಿಲ್ಲ.

"ಎನೆ, ಏಳಿ. ಚಳಿ ಹಿಡಿಯುತ್ತೆ, ಬನ್ನಿ ಮನೆಗೆ," ಜಿಪಾರ್ ಅವಳ ತೋಳು ಹಿಡಿದಳು.

"ಬಿಡು. ನಾನು ಹೆತ್ತಿದ್ದು. ನಾನೇ ಮುಚ್ತೀನಿ."

"ಸಂಜೆಗೆ ವ್ಯಾನು ಬರುತ್ತೆ ಎನೆ..."

"ಬರ್ಲಿ. ನೀನು ಕಳ್ಸು. ನೀನು ಹೆಂಡ್ತಿ, ನಿನ್ನ ಹಕ್ಕು. ನಾನು ಏನಾದ್ರೂ ಅಂದ್ನಾ?" ಅನ್ನುತ್ತ ಮುದುಕಿ ಹಾರೆಯೆತ್ತಿ ಬೆಂಕಿಯ ಅಂಚಿಗೆ ಕುಕ್ಕಿದಳು. ಹಾರೆ ಠಣ್ಣೆಂದು ಹಿಂದಕ್ಕೆ ಸಿಡಿಯಿತೇ ಹೊರತು ಒಂದು ಹಿಡಿ ಮಣ್ಣೂ ಏಳಲಿಲ್ಲ. ಮತ್ತೆ ಎತ್ತಿದಳು. ಅಂಗೈ ಒಡೆದು ಹಾರೆಯ ಹಿಡಿಗೆ ರಕ್ತ ಹತ್ತಿತ್ತು, ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಅಷ್ಟರಲ್ಲಿ ಮುಲ್ಲಾ ಎಸೆಂಗುಲ್ ಬಂದ. ಕೆಟ್ಟವನಲ್ಲ, ಬಸವಳಿದವನು. ಹೊರಗೆಲ್ಲೋ ಓದಿಬಂದು ಗಡ್ಡ ಬಿಟ್ಟ ಹುಡುಗರು ಊರಲ್ಲಿ ಬಲಿತ ಮೇಲೆ ಅವನ ಮಾತಿಗೆ ಬೆಲೆ ಕಡಿಮೆಯಾಗಿತ್ತು. ಮುದುಕಿಯನ್ನು ಕಂಡು ಮುಖ ಕಿವುಚಿದ, ಜಿಪಾರಳನ್ನು ಸ್ವಲ್ಪ ದೂರ ಕರೆದ.

"ಜಿಪಾರ್, ನಾನೂ ಅವನೂ ಒಂದೇ ಬೆಂಚಲ್ಲಿ ಕೂತು ಓದಿದವ್ರು. ಲೆಕ್ಕ ತೋರ್ಸಿ ನನ್ನ ಪಾಸ್ ಮಾಡ್ಸಿದ್ದೇ ಅವನು. ನಂಗೇನು ಖುಷಿನಾ ಇದೆಲ್ಲ? ಆದ್ರೆ ಈ ಹುಡುಗ್ರ ಬಾಯಿ ಮುಚ್ಸೋಕೆ ನನ್ನ ಕೈಲಿ ಏನಾದ್ರೂ ಇರ್ಬೇಕಲ್ಲ." ದನಿ ತಗ್ಗಿಸಿದ. "ಪ್ರಾಣ ಹೋಗೋ ಮುಂಚೆ ನಮ್ಮ ನಂಬಿಕೆಯ ಮಾತು, ಕಲಿಮಾ, ಹೇಳಿದ್ನಾ? ಕೊನೇ ಉಸಿರಲ್ಲಿ ಹೇಳಿದ್ರೂ ಸಾಕು, ಅವನು ನಮ್ಮವನೇ. ನಾನೇ ಮುಂದೆ ನಿಂತು ನಮಾಜು ಮಾಡಿಸ್ತೀನಿ. ಹತ್ರ ಇದ್ದೋಳು ನೀನೊಬ್ಳೇ. ನೀನು ಹೂಂ ಅಂದ್ರೆ ಇಲ್ಲ ಅನ್ನೋರು ಯಾರೂ ಇಲ್ಲ."

ಕೇಳುವವನ ಮುಖದಲ್ಲೇ ಉತ್ತರ ಬರೆದಿತ್ತು. ದಯವಿಟ್ಟು ಹೂಂ ಅನ್ನು ಅಂತ ಅವನ ಕಣ್ಣು ಬೇಡುತ್ತಿತ್ತು.

ಜಿಪಾರ್ ಒಳಗೊಳಗೇ ಪ್ರಾರ್ಥಿಸಿದಳು. ಏನೂ ಕೇಳಿಸಲಿಲ್ಲ. ಹಿಂದೆ ಹಾರೆಯ ಠಣ್ ಠಣ್ ಮಾತ್ರ ಕೇಳಿಸುತ್ತಿತ್ತು. ಇಷ್ಟು ವರ್ಷ ಬಕ್ತಿಗುಲ್ ಎಜೆಯ ಮನೆಯಲ್ಲಿ ಕೂತು ಕಲಿತದ್ದೇನು? ನೀನು ಹಿಂದೆ ನಿಲ್ಲು, ಇನ್ನೊಬ್ಬರನ್ನು ಮುಂದೆ ಬಿಡು ಅಂತ. ಕಲಿತದ್ದನ್ನು ಮಾಡಿಯೂ ಇದ್ದಳು. ತಮ್ಮ ಕಾಲುವೆ ಒಡೆದ ಪಕ್ಕದವನಿಗೇ ತಮ್ಮ ಸರದಿಯ ನೀರು ಬಿಟ್ಟುಕೊಟ್ಟಿದ್ದಳು. ತನಗಿದ್ದ ಒಂದೇ ಒಳ್ಳೆಯ ಕೋಟನ್ನು, ತನ್ನನ್ನು ಕಂಡರೆ ಉಗುಳುತ್ತಿದ್ದವಳ ಬಸುರಿ ಮಗಳಿಗೆ ಹೊದಿಸಿ ಬಂದಿದ್ದಳು. ಈಗ ಗಂಡನಿಗೆ ಕೊಟ್ಟ ಮಾತು ಉಳಿಸಿಕೊಂಡರೆ ಯಾರಿಗೆ ನೆಮ್ಮದಿ? ನನಗೆ. ನನ್ನ ಮನಸ್ಸು ಹಗುರ. ಎನೆಗೆ? ಮಗನಂತೂ ಹೋದ, ಅವನ ಗೋರಿಯೂ ಇಲ್ಲ. ಇನ್ನೆಷ್ಟು ದಿನ ಇದ್ದಾಳು ಈ ಮುದುಕಿ. ನಾನು ಸುಳ್ಳುಗಾತಿಯಾದರೆ ಆಗಲಿ, ನರಕಕ್ಕೆ ಹೋಗುವುದಾದರೆ ನಾನು ಹೋಗುತ್ತೇನೆ.

"ಹೇಳಿದ್ರು," ಅಂದಳು.

ಎಸೆಂಗುಲ್ ತಡೆದಿಟ್ಟ ಉಸಿರು ಬಿಟ್ಟ. ಹುಡುಗರ ಕಡೆ ತಿರುಗಿ ಕೈಯೆತ್ತಿ ಕೂಗಿ ಹೇಳಿದ. ಮುದುಕಿಯ ಕೈಯಿಂದ ಹಾರೆ ಕೆಳಗೆ ಬಿತ್ತು. "ಹೌದೇನೇ? ಹೌದೇನೇ ಮಗಳೇ? ಹೇಳಿದ್ನೇನೇ?" ಅನ್ನುತ್ತ ಮಣ್ಣಿನ ಮೇಲೇ ತೆವಳಿಕೊಂಡು ಬಂದು ಸೊಸೆಯ ಮೊಣಕಾಲು ಅಪ್ಪಿಕೊಂಡಳು. ಜಿಪಾರ್ ಇನ್ನೊಂದು ಸಲ ಹೂಂ ಅಂದಳು.

ಆಮೇಲೆ ಎಲ್ಲವೂ ಸರಸರ ನಡೆಯಿತು. ಅಡ್ಡ ನಿಲ್ಲಿಸಿದ್ದ ಅದೇ ಟ್ರ್ಯಾಕ್ಟರಿನಲ್ಲಿ ಕಲ್ಲಿದ್ದಲು ಬಂತು, ನೆಲ ಕರಗಿತು, ಮುದುಕಿಯ ಕೈಯಿಂದ ಹಾರೆ ಕಸಿದುಕೊಂಡು ಹುಡುಗರೇ ಅಗೆದರು. ಅಂಗಳದಲ್ಲಿ ಯುರ್ತ ಎದ್ದಿತು. ತುರ್ದಾಕುನ್ ಕೋಲೂರಿ ನಿಂತು, ಬೆಳಿಗ್ಗೆಯಿಂದ ಒಳಗೆ ಹಿಡಿದಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಗೋಳಿಟ್ಟ. ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ ನೋಡಿದ್ದ ಹೆಂಗಸರೆಲ್ಲ ಬಂದು ಜಿಪಾರಳ ಕುತ್ತಿಗೆಗೆ ಬಿದ್ದು ಅತ್ತರು. "ಅಯ್ಯೋ, ಬಂಗಾರದಂಥ ಮನುಷ್ಯ!" ಅಂದರು. ಹೌದು, ಬಂಗಾರದಂಥವನೇ. ಆದರೆ ಅವರಿಗೆ ಅದು ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು.

ಸಂಜೆಗೇ ವ್ಯಾನೂ ಬಂತು. ಅದರ ಮೇಲೆ ಹೊಸ ಮರದ ಪೆಟ್ಟಿಗೆ ಕಟ್ಟಿತ್ತು. ಬಕ್ತಿಗುಲ್ ಇಳಿದು, ಯುರ್ತ, ಜನ, ಮುಲ್ಲಾ ಎಲ್ಲವನ್ನೂ ನೋಡಿ ಬೇಲಿಯ ಹತ್ತಿರವೇ ನಿಂತುಬಿಟ್ಟಳು. ಯಾರೋ ಬೇಕೆಂದೇ ಗಟ್ಟಿಯಾಗಿ ಹೇಳಿದರು: "ಪೆಟ್ಟಿಗೆ ವಾಪಸ್ ತಗೊಂಡ್ ಹೋಗಮ್ಮ. ನಿಮ್ಮೋನು ಕೊನೇ ಗಳಿಗೇಲಿ ನಮ್ಮೋನಾದ. ಹೆಂಡ್ತೀನೇ ಹೇಳಿದಾಳೆ." ಬಕ್ತಿಗುಲ್ ಯುರ್ತದ ಬಾಗಿಲ ಕಡೆ ನೋಡಿದಳು. ಒಳಗೆ ಗೋಡೆಗೆ ಮುಖಮಾಡಿ ಕೂತಿದ್ದ ಜಿಪಾರ್ ತಿರುಗಲಿಲ್ಲ. ವ್ಯಾನಿನ ಸದ್ದು ದೂರವಾಗುವವರೆಗೂ ತಿರುಗಲಿಲ್ಲ.

ಮಣ್ಣಾಯಿತು. ನೆಂಟರು ಹೋದರು. ಅಲ್ಲಿಗೆ ಮುಗಿಯಿತು ಅಂತ ಜಿಪಾರ್ ಅಂದುಕೊಂಡಿದ್ದಳು ಪಾಪ. ಸುಳ್ಳನ್ನು ಒಂದು ಸಲ ಹೇಳಿ ನುಂಗಿಕೊಂಡರಾಯಿತು, ಉಳಿದದ್ದನ್ನು ದೇವರ ಹತ್ತಿರ ಅತ್ತು ತೀರಿಸಿದರಾಯಿತು ಅಂತ.

ಮರುದಿನ ಬೆಳಿಗ್ಗೆ ಚಹಾ ಬಟ್ಟಲು ಹಿಡಿದು ಎನೆ ಕೇಳಿದಳು: "ಹೇಗೆ ಹೇಳಿದ ಮಗಳೇ? ನಾನು ಹಾಳಾದ ಹಸು ಹತ್ರ ಕೂತಿದ್ದೆ ನೋಡು. ಸರಿಯಾಗಿ ಹೇಳು, ಹೇಗೆ ಹೇಳಿದ?"

"ತುಟಿ ಆಡಿಸಿದ್ರು ಎನೆ. ಕಿವಿ ಹತ್ರ ತಂದೆ. ಹೇಳಿದ್ರು."

"ಪೂರ್ತಿ ಹೇಳಿದ್ನಾ?"

"ಪೂರ್ತಿ."

ಅಷ್ಟಕ್ಕೇ ಮುದುಕಿ ಒಂದು ರೊಟ್ಟಿ ತಿಂದಳು. ಮಗ ಹಾಸಿಗೆ ಹಿಡಿದ ಮೇಲೆ ಅವಳು ಒಂದು ಪೂರ್ತಿ ರೊಟ್ಟಿ ತಿಂದದ್ದು ಅದೇ ಮೊದಲು. ಅದನ್ನು ಕಂಡ ಮೇಲೆ ಇಲ್ಲ ಅನ್ನುವುದಾದರೂ ಹೇಗೆ? ದಿನಾ ಕೇಳತೊಡಗಿದಳು. ದಿನಾ ಒಂದಿಷ್ಟು ಹೆಚ್ಚು ಬೇಕು ಅವಳಿಗೆ. ದನಿ ಹೇಗಿತ್ತು, ಕಣ್ಣು ಎತ್ತ ನೋಡುತ್ತಿತ್ತು, ಅಮ್ಮ ಅಂದನಾ. ಜಿಪಾರ್ ಕೈಯಲ್ಲಿದ್ದದ್ದನ್ನೇ ಕಿತ್ತು ಕಿತ್ತು ಕೊಟ್ಟಳು. ಬೆರಳು ಹಿಡಿದದ್ದು ನಿಜ, ಅದನ್ನು ಕೊಟ್ಟಳು. ಪಿಸುದನಿ ನಿಜ, ಅದನ್ನೂ ಕೊಟ್ಟಳು. ಭಯವಿಲ್ಲ ಅಂದದ್ದನ್ನೂ ಕೊಟ್ಟಳು. ಒಂದೇ ಒಂದು ಹೆಸರನ್ನು ಮಾತ್ರ ತೆಗೆದು, ಅಲ್ಲಿ ಕಲಿಮಾ ಇಟ್ಟಳು. ಅಕ್ಕಪಕ್ಕದ ಹೆಂಗಸರು ಬಂದರೆ ಎನೆ, "ನೀನೇ ಹೇಳು, ಇವ್ರೂ ಕೇಳ್ಲಿ" ಅನ್ನುವಳು. ಹೆಂಗಸರು ಕಣ್ಣೊರೆಸಿಕೊಂಡು, "ಅವನೇ ಬಂದ ಮೇಲೆ ನಿಂದೇನೇ ಇನ್ನೂ ಹಟ?" ಅಂತ ಜಿಪಾರಳನ್ನು ಪ್ರೀತಿಯಿಂದಲೇ ತಿವಿಯುವರು. ಅವರ ಬೈಗುಳ ಎಷ್ಟೋ ವಾಸಿಯಿತ್ತು ಅನಿಸುತ್ತಿತ್ತು ಅವಳಿಗೆ.

ಪೇಟೆಗೆ ಅವಳು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ನಲವತ್ತನೆಯ ದಿನದ ಊಟ ಹತ್ತಿರ ಬಂದಾಗ ಬಕ್ತಿಗುಲ್ ತಾನೇ ಬಂದಳು, ಹಿಟ್ಟಿನ ಚೀಲವೊಂದನ್ನು ಹೊತ್ತು. ಎನೆ ಒಲೆಯ ಪಕ್ಕ ಕೂತಿದ್ದಳು. ಬಂದವಳು ಮಗನ ಸ್ನೇಹಿತೆಯೆಂದು ತಾನೇ ಎದ್ದು ರೊಟ್ಟಿ, ಬೆಣ್ಣೆ, ಚಹಾ ಮುಂದಿಟ್ಟಳು.

ಬಕ್ತಿಗುಲ್ ಕೋಟು ಬಿಚ್ಚದೆಯೇ ಕೇಳಿದಳು. "ನಿನ್ನ ಮೇಲೆ ಸಿಟ್ಟು ತೀರಿಸ್ಕೊಳ್ಳೋಕೆ ಬಂದಿಲ್ಲ ಜಿಪಾರ್. ಎಲ್ಲಿ ಬೇಕಾದ್ರೂ ಹೂಳಿ, ಮಣ್ಣು ಮಣ್ಣೇ. ಆದ್ರೆ ನಮ್ಮಲ್ಲಿ ಬರೋರು ಕಡಿಮೆ ಆಗ್ತಿದಾರೆ. ಶರ್ಶೆನ್‌ನಂಥವನೇ ಕೊನೇಲಿ ಕೈಬಿಟ್ಟ ಅಂದ್ಮೇಲೆ ನಮ್ಮದೇನು ಅಂತಾರೆ. ಒದೆ ತಿಂದಾಗ ಅವನನ್ನ ನೋಡಿ ಗಟ್ಟಿಯಾದವ್ರು ಅವ್ರು. ಒಂದೇ ಮಾತು ಹೇಳು, ಹೋಗಿ ಅವ್ರಿಗೆ ಹೇಳ್ತೀನಿ. ನಿಜ್ವಾಗ್ಲೂ ಹೇಳಿದ್ನಾ?"

ಎನೆ ಚಹಾ ಸುರಿಯುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡುತ್ತಿದ್ದಳು. ಅನುಮಾನದಿಂದಲ್ಲ. ಪ್ರೀತಿಯ ಕತೆ ಇನ್ನೊಂದು ಸಲ ಶುರುವಾಗುತ್ತದೆಂಬ ಆಸೆಯಿಂದ. ತುಟಿಯಂಚಿನಲ್ಲಿ ಆಗಲೇ ನಗು ಬಂದಿತ್ತು.

ಜಿಪಾರಳಿಗೆ ಈಗ ಅರ್ಥವಾಯಿತು, ಆಗಲೇ ತಡವಾಗಿತ್ತು. ಕೋಟು ಅವಳದಾಗಿತ್ತು, ಕೊಟ್ಟಳು. ಸರದಿಯ ನೀರು ಅವಳದಾಗಿತ್ತು, ಬಿಟ್ಟಳು. ಆ ಮಾತು ಅವಳದಾಗಿರಲಿಲ್ಲ. ಬೇರೆ ಏನೂ ಇಲ್ಲದ ಗಂಡನ ಒಂದೇ ಒಂದು ಆಸ್ತಿಯನ್ನು ಅವಳು ದಾನ ಮಾಡಿ ಕೂತಿದ್ದಳು. ಈಗ ಹಿಂದಕ್ಕೆ ಕೇಳಿದರೆ ಈ ಮುದುಕಿ ಇಲ್ಲೇ, ಈ ಒಲೆಯ ಮುಂದೆಯೇ ಸಾಯುತ್ತಾಳೆ. ಕೇಳದಿದ್ದರೆ ಪೇಟೆಯ ಆ ಬಡಪಾಯಿಗಳ ಎದೆ ಒಡೆಯುತ್ತದೆ. ಇನ್ನೊಬ್ಬರನ್ನು ಮುಂದಿಡು ಅಂದರು. ಯಾವ ಇನ್ನೊಬ್ಬರನ್ನು ಅಂತ ಯಾರೂ ಹೇಳಿಕೊಡಲಿಲ್ಲವಲ್ಲ ಅಂತ ಅವಳಿಗೆ ಕೂಗಬೇಕು ಅನಿಸಿತು.

"ಹೇಳಿದ್ರು ಎಜೆ," ಅಂದಳು.

ಬಕ್ತಿಗುಲ್ ರೊಟ್ಟಿ ಮುಟ್ಟಲಿಲ್ಲ. ಬಂದ ಮನೆಯಲ್ಲಿ ಒಂದು ಚೂರು ರೊಟ್ಟಿ ಮುರಿದು ಬಾಯಿಗಿಡದೆ ಏಳುವವರನ್ನು ಆ ಊರು ಕಂಡಿರಲಿಲ್ಲ. ಎನೆ, "ರುಚಿನಾದ್ರೂ ನೋಡಮ್ಮ" ಅಂತ ಬಾಗಿಲವರೆಗೂ ರೊಟ್ಟಿ ಹಿಡಿದು ಹೋದಳು. ಬಕ್ತಿಗುಲ್ ಹಿಂತಿರುಗಿ ನೋಡದೆ ಬಸ್ಸಿನ ದಾರಿ ಹಿಡಿದಳು.

"ಯಾಕೋ ಬೇಜಾರಾದ್ಲು," ಅನ್ನುತ್ತ ಎನೆ ಬಂದು ಕೂತಳು. "ಹೋಗ್ಲಿ ಬಿಡು. ನೀನು ಹೇಳು. ತುಟಿ ಆಡಿಸ್ದ, ನೀನು ಕಿವಿ ತಂದೆ. ಆಮೇಲೆ?"

ಜಿಪಾರ್ ಹೇಳಿದಳು. ಪೂರ್ತಿ ಹೇಳಿದಳು. ಮುದುಕಿ ಹಾಗೇ ಗೋಡೆಗೊರಗಿ ನಿದ್ದೆ ಹೋದಳು. ಅವಳ ಮೇಲೆ ಕಂಬಳಿ ಹೊದಿಸಿ ಜಿಪಾರ್ ಕೊಟ್ಟಿಗೆಗೆ ಬಂದಳು.

ಒಬ್ಬಳೇ ಇದ್ದಾಗ ಆ ಬೆಳಗನ್ನು ಇದ್ದದ್ದು ಇದ್ದ ಹಾಗೆ ನೆನೆದುಕೊಳ್ಳುವುದು, ಮನಸ್ಸಿನಲ್ಲಿ ಅವನಿಗೆ ತಪ್ಪಾಯಿತು ಅನ್ನುವುದು, ಅಷ್ಟೇ ಅವಳಿಗೆ ಉಳಿದಿದ್ದ ಪ್ರಾರ್ಥನೆ. ಹಸುವಿನ ಬೆನ್ನಿಗೆ ಹಣೆಯೊತ್ತಿ ಕಣ್ಣು ಮುಚ್ಚಿದಳು. ಅವನ ಮುಖ ಬಂತು. ಒಣಗಿದ ತುಟಿ ಬಂತು, ಅವಳ ಬೆರಳು ಹಿಡಿದ ಕೈ ಬಂತು. ಕಿವಿ ಹತ್ತಿರ ತಂದಳು. ಅವನು ಕಲಿಮಾ ಹೇಳಿದ.

ಅಲ್ಲ ಅಂದುಕೊಂಡು ಮೊದಲಿನಿಂದ ಶುರುಮಾಡಿದಳು. ತುಟಿ, ಕೈ, ಕಿವಿ. ಅವನದೇ ದನಿ, ಅವನದೇ ಉಸಿರು, ಸ್ವಲ್ಪವೂ ತಡವರಿಸದೆ ಪೂರ್ತಿ ಕಲಿಮಾ. ಅವನು ಅಂದ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು, ಬೇಕಾದರೆ ಬಾಯಿಪಾಠ ಒಪ್ಪಿಸಬಲ್ಲಳು. ಆದರೆ ಅದು ಅವನ ದನಿಯಲ್ಲಿ ಮತ್ತೆ ಕೇಳಿಸಲಿಲ್ಲ, ಎಷ್ಟು ಬೇಡಿಕೊಂಡರೂ ಕೇಳಿಸಲಿಲ್ಲ. ಜಿಪಾರ್ ಸಗಣಿಯ ನೆಲದ ಮೇಲೆ ಕುಸಿದು ಕೂತು, ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಎನೆಗೆ ಎಚ್ಚರವಾಗದಂತೆ.